ಆಪರೇಷನ್ ಇದೆಯಲ್ಲ ಎಂದು ಕೈ ಹಾಳುಮಾಡಿಕೊಳ್ಳಬೇಡಿ

ನಮ್ಮ ಭಾಯ್ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವಾರವಿಡೀ ಪೆಟ್ಟಿಗೆ ಎತ್ತುತ್ತಾನೆ. ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್. ಬೌಂಡರಿಯಿಂದ ನೇರ ಸ್ಟಂಪಿಗೆ ಎಸೆಯುವವನು ಎಂದು ಅವನಿಗೆ ಹೆಸರು. ಮೂರು ತಿಂಗಳಿಂದ ಮೊಣಕೈಯ ಒಳಬದಿ ನೋವು. ಅಮ್ಮಿ ಎಣ್ಣೆ ತಿಕ್ಕುತ್ತಾರೆ, ಅವನು ಮಾತ್ರೆ ನುಂಗಿ ಮತ್ತೆ ಎಸೆಯುತ್ತಾನೆ. ಕೇಳಿದರೆ, “ನೀರಜ್ ಚೋಪ್ರಾ ಆಪರೇಷನ್ ಮಾಡಿಸ್ಕೊಂಡು ಚಿನ್ನ ಗೆಲ್ಲಲಿಲ್ವಾ?” ಅನ್ನುತ್ತಾನೆ. ನಮ್ಮ ಕಾಲೇಜಿನ ಹುಡುಗರೂ ಇದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ನೀರಜ್‌ಗೆ 2019ರ ಮೇನಲ್ಲಿ ಮುಂಬೈನಲ್ಲಿ ಆದದ್ದು ಮೊಣಕೈಯೊಳಗಿನ ಮೂಳೆ ಚೂರು ತೆಗೆಯುವ ಶಸ್ತ್ರಚಿಕಿತ್ಸೆ. ಆ ವರ್ಷ ಅವರು ಸ್ಪರ್ಧಿಸಲೇ ಇಲ್ಲ. ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ ತಿಂಗಳುಗಟ್ಟಲೆ ವ್ಯಾಯಾಮ ಮಾಡಿ, 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದರು.

ಲಿಗಮೆಂಟ್ ಹರಿದರೆ ಇನ್ನೂ ಕಷ್ಟ. 1974ರಲ್ಲಿ ಅಮೆರಿಕದ ಡಾ. ಫ್ರಾಂಕ್ ಜೋಬ್ ಬೇಸ್‌ಬಾಲ್ ಆಟಗಾರ ಟಾಮಿ ಜಾನ್‌ಗೆ ಇದನ್ನು ಮೊದಲು ಮಾಡಿದರು. ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು, ಮೊಣಕೈ ಮೂಳೆಗಳಲ್ಲಿ ರಂಧ್ರ ಕೊರೆದು ಪೋಣಿಸಿದರು. ಆ ರಜ್ಜು ಗಟ್ಟಿಯಾಗಿ ಲಿಗಮೆಂಟಿನ ಕೆಲಸ ಮಾಡಲು ಕಾಲ ಬೇಕು. ಜಾನ್ 1975 ಪೂರ್ತಿ ಆಡಲಿಲ್ಲ. ಮರಳಿ ಬಂದು 164 ಪಂದ್ಯ ಗೆದ್ದರು, ನಿಜ. ಆದರೆ ಇಂದಿಗೂ ಮತ್ತೆ ಪೂರ್ಣ ಬಲದಿಂದ ಎಸೆಯಲು ಸುಮಾರು ಒಂದು ವರ್ಷ, ಕೆಲವೊಮ್ಮೆ ಹೆಚ್ಚು ಬೇಕು.

ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಹಾಕಿದೆ. ಇಎಸ್‌ಐ ಇರುವ ಕಾರ್ಮಿಕನಿಗೆ ಸಾಮಾನ್ಯ ಕಾಯಿಲೆ ರಜೆಯಲ್ಲಿ ಸಿಗುವುದು ವರ್ಷಕ್ಕೆ ಹೆಚ್ಚೆಂದರೆ 91 ದಿನ, ಸಂಬಳದ ಶೇ 70. ಆಮೇಲೆ? ನೀರಜ್ ಹಿಂದೆ ಕೋಚ್, ಫಿಸಿಯೋ, ಸಂಸ್ಥೆ ಇದ್ದವು. ಭಾಯ್ ಹಿಂದೆ ಇರುವುದು ನಮ್ಮ ಮನೆಯ ಬಾಡಿಗೆ. ಕಾರ್ಖಾನೆಯ ಯಂತ್ರಕ್ಕೆ ಪ್ರತಿವರ್ಷ ಸವಕಳಿ ಬರೆಯುತ್ತಾರೆ. ಕೈಯ ಸವಕಳಿಯನ್ನು ನಾವೇ ಬರೆದುಕೊಳ್ಳಬೇಕು.

ಆಪರೇಷನ್ ಬೇಡ ಎನ್ನುತ್ತಿಲ್ಲ. ಅದು ಕೊನೆಯ ದಾರಿ, ಮೊದಲ ಯೋಜನೆಯಲ್ಲ. ಆದ್ದರಿಂದ ಕ್ರೀಡಾಕೂಟದ ಆಯ್ಕೆಗೆ ಮುಂಚೆ ದೈಹಿಕ ಶಿಕ್ಷಣದ ಸರ್ ಅವರಲ್ಲಿ ನನ್ನ ವಿನಂತಿ: ಜಾವೆಲಿನ್, ಕ್ರಿಕೆಟ್ ಆಡುವವರ ಎಸೆತಗಳನ್ನು ದಿನಕ್ಕೆ ಇಷ್ಟೇ ಎಂದು ಎಣಿಸಿ. ವಾರ್ಮ್‌ಅಪ್ ಇಲ್ಲದೆ ಬಿಡಬೇಡಿ. ನೋವು ಎಂದವನನ್ನು ಹೇಡಿ ಎಂದು ನಗುವವರನ್ನು ತಡೆಯಿರಿ.

ಭಾಯ್ ಇನ್ನೂ ಡಾಕ್ಟರ್ ಹತ್ತಿರ ಹೋಗಿಲ್ಲ. ಅವನ ಮುಂದಿನ ವಾರದ ರಜೆಗೆ ಕರೆದುಕೊಂಡು ಹೋಗುತ್ತೇನೆ. ಸಾಲಿನಲ್ಲಿ ನಾನೇ ನಿಲ್ಲುತ್ತೇನೆ.