ಬಿಸಿಲಿದ್ದಾಗ ಮಾತ್ರ ತೆಗೆದ ಯುದ್ಧ

ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಬಣ್ಣದ ಫೋಟೊಗಳು ಈಗ ಯಾರ ಫೋನಿಗೆ ಬೇಕಾದರೂ ಬಂದು ಬೀಳುತ್ತವೆ. ಸೂರ್ಯಕಾಂತಿ ಹೊಲದ ಬದಿಯಲ್ಲಿ ನಿಂತ ಟ್ಯಾಂಕು, ಅಂಗಿ ಕಳಚಿ ಹೊಳೆಯಲ್ಲಿ ಈಜುವ ಯುವಕರು, ಊಟದ ತಟ್ಟೆ ಹಿಡಿದು ನಗುತ್ತಿರುವವನೊಬ್ಬ. ಕಪ್ಪು-ಬಿಳುಪಿನಲ್ಲಿ ಅಜ್ಜನ ಕಾಲದ ಸಂಗತಿಯಾಗಿ ದೂರ ಉಳಿದಿದ್ದ ಯುದ್ಧ, ಕೆನ್ನೆಗೆ ಕೆಂಪು ಹುಲ್ಲಿಗೆ ಹಸಿರು ಬಂದ ಕೂಡಲೇ ಮೊನ್ನೆ ನಡೆದದ್ದು ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಬಣ್ಣ ಇದ್ದ ಮಾತ್ರಕ್ಕೆ ಸತ್ಯ ಹೆಚ್ಚಿದೆ ಎಂದು ಮನಸ್ಸು ಒಪ್ಪಿಕೊಳ್ಳುತ್ತದಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಆ ಫೋಟೊಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ನಾವು ನೋಡುವ ಎಷ್ಟೋ ಮೊದಲೇ ಮೂವರು ತೀರ್ಮಾನಿಸಿಯಾಗಿತ್ತು: ಫಿಲ್ಮು, ಅದನ್ನು ಕೊಟ್ಟ ಸರ್ಕಾರ, ಕ್ಯಾಮೆರಾ ಹಿಡಿದ ಮನುಷ್ಯ.

ಮೊದಲು ಫಿಲ್ಮಿನ ವಿಷಯ. ಜರ್ಮನ್ ಸೈನಿಕರನ್ನು ಬಣ್ಣದಲ್ಲಿ ತೆಗೆಯುವ ಕೆಲಸ ಹಿಟ್ಲರನಿಗಿಂತ ಹಳೆಯದು. ಮೊದಲ ಮಹಾಯುದ್ಧದಲ್ಲೇ, 1915-16ರ ಹೊತ್ತಿಗೆ, ಸ್ಟುಟ್‌ಗಾರ್ಟಿನ ಹಾನ್ಸ್ ಹಿಲ್ಡೆನ್‌ಬ್ರಾಂಡ್ ಎಂಬ ಛಾಯಾಗ್ರಾಹಕ ಅಲ್ಸಾಸ್ ಮತ್ತು ಶಾಂಪೇನ್ ಪ್ರದೇಶಗಳ ಕಂದಕಗಳಿಗೆ ಹೋಗಿ ಬಣ್ಣದ ಚಿತ್ರ ತೆಗೆದಿದ್ದ. ಬಳಸಿದ್ದು ಫ್ರಾನ್ಸಿನ ಲೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೊಕ್ರೋಮ್ ಎಂಬ ಗಾಜಿನ ಫಲಕ. ಆಲೂಗಡ್ಡೆ ಪಿಷ್ಟದ ಅತಿ ಸಣ್ಣ ಕಣಗಳಿಗೆ ಮೂರು ಬಣ್ಣ ಕಟ್ಟಿ, ರಂಗೋಲಿ ಪುಡಿಯಂತೆ ಬೆರೆಸಿ, ಗಾಜಿನ ಮೇಲೆ ಹರಡಿರುತ್ತಿದ್ದರು. ಈ ಕಣಗಳು ಬಂದ ಬೆಳಕಿನ ಹೆಚ್ಚಿನ ಪಾಲನ್ನು ನುಂಗಿಬಿಡುತ್ತಿದ್ದವು. ಹಾಗಾಗಿ ಒಳ್ಳೆಯ ಬಿಸಿಲಿನಲ್ಲೂ ಕೆಲವು ಸೆಕೆಂಡು ಎದುರಿಗಿದ್ದವರು ಅಲುಗಾಡದೆ ಇರಬೇಕಿತ್ತು. ಹಿಲ್ಡೆನ್‌ಬ್ರಾಂಡನ ಸೈನಿಕರು ಕಂದಕದಲ್ಲಿ ಶಿಲೆಗಳಂತೆ ನಿಂತಿರುವುದು ಇದರಿಂದಾಗಿಯೇ. ಗುಂಡು ಹಾರುತ್ತಿದ್ದಾಗ ಯಾರೂ ಹಾಗೆ ನಿಲ್ಲಲಾರರು. ಸದ್ದಡಗಿದ ಹೊತ್ತಿನ ಚಿತ್ರ ಮಾತ್ರ ಅಲ್ಲಿ ಸಾಧ್ಯವಿತ್ತು.

ಇಪ್ಪತ್ತು ವರ್ಷಗಳಲ್ಲಿ ತಂತ್ರಜ್ಞಾನ ಬಹಳ ಮುಂದೆ ಬಂತು. ಅಮೆರಿಕದ ಕೊಡಾಕ್ ಕಂಪನಿ 1935ರಲ್ಲಿ ಕೊಡಾಕ್ರೋಮ್ ತಂದರೆ, 1936ರಲ್ಲಿ ಜರ್ಮನಿಯ ಅಗ್ಫಾ ತನ್ನ ಹೊಸ ಅಗ್ಫಾಕಲರ್ ತಂದಿತು. ಫಿಲ್ಮಿನ ಮೇಲೆ ಮೂರು ಪದರ. ಒಂದು ನೀಲಿ ಬೆಳಕಿಗೆ, ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ಸ್ಪಂದಿಸುತ್ತದೆ. ಕೊಡಾಕ್ರೋಮಿನಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕವನ್ನು ತೊಳೆಯುವಾಗ ಒಂದೊಂದೇ ಪದರಕ್ಕೆ ಸೇರಿಸಬೇಕಿತ್ತು. ಅಗ್ಫಾದ ವಿಜ್ಞಾನಿಗಳಾದ ಗುಸ್ತಾವ್ ವಿಲ್ಮನ್ಸ್ ಮತ್ತು ವಿಲ್‌ಹೆಲ್ಮ್ ಶ್ನೈಡರ್ ಆ ರಾಸಾಯನಿಕವನ್ನು ಫಿಲ್ಮಿನ ಪದರಗಳೊಳಗೇ ಕೂಡಿಸಿ, ಅದು ಪಕ್ಕದ ಪದರಕ್ಕೆ ಹರಿದುಹೋಗದಂತೆ ಮಾಡಿದರು. ತೊಳೆಯುವ ಕೆಲಸ ಎಷ್ಟೋ ಸರಳವಾಯಿತು. ಯುದ್ಧದ ನಂತರ ಜಗತ್ತಿನ ಹಲವು ಕಂಪನಿಗಳು ಬಳಸಿಕೊಂಡದ್ದು ಈ ದಾರಿಯನ್ನೇ.

ಇಷ್ಟಾದರೂ ಬೆಳಕಿನ ಹಸಿವು ನೀಗಲಿಲ್ಲ. 1938ರಲ್ಲಿ ಸುಧಾರಿಸಿದ ನಂತರವೂ ಅಗ್ಫಾಕಲರಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಇಂದಿನ ಐಎಸ್‌ಓ ಲೆಕ್ಕದಲ್ಲಿ 25ರ ಆಸುಪಾಸು. ನಮ್ಮ ಫೋನು ದೀಪದ ಬೆಳಕಿನಲ್ಲಿ 800, 1600 ಎಂದು ತಾನೇ ಏರಿಸಿಕೊಳ್ಳುತ್ತದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ಯುದ್ಧ ನಡೆಯುವುದು ನಸುಕಿನಲ್ಲಿ, ಹೊಗೆಯಲ್ಲಿ, ಕಾಡಿನ ನೆರಳಿನಲ್ಲಿ, ರಾತ್ರಿಯಲ್ಲಿ. ಅಲ್ಲೆಲ್ಲ ಈ ಫಿಲ್ಮು ಕುರುಡು. ಬೇಸಿಗೆಯ ಆಕಾಶ ತಿಳಿಯಾಗಿದ್ದು, ಎದುರಿಗಿದ್ದವರು ಓಡದೆ, ಬೀಳದೆ, ಸುಮ್ಮನೆ ಕೂತಿದ್ದರೆ ಮಾತ್ರ ಚಿತ್ರ ಚೆನ್ನಾಗಿ ಬರುತ್ತಿತ್ತು. ರಷ್ಯದ ಮೇಲಿನ ದಾಳಿಯ ಬಣ್ಣದ ಫೋಟೊಗಳನ್ನು ನೋಡಿದವರಿಗೆ ಅದೊಂದು ದೀರ್ಘ ಬೇಸಿಗೆ ರಜೆಯಂತೆ ಕಂಡರೆ, ಅದಕ್ಕೆ ಫಿಲ್ಮಿನ ರಸಾಯನಶಾಸ್ತ್ರವೂ ಒಂದು ಕಾರಣ. ಈ ಒಂದು ಸಂಗತಿ ಗೊತ್ತಿದ್ದರೆ ಅಂಥ ಅರ್ಧದಷ್ಟು ಚಿತ್ರಗಳನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ.

ಇನ್ನು ಫಿಲ್ಮು ಯಾರ ಕೈಗೆ ಸಿಗುತ್ತಿತ್ತು? ಲಕ್ಷಾಂತರ ಸಾಮಾನ್ಯ ಸೈನಿಕರ ಬಳಿ ಸ್ವಂತ ಕ್ಯಾಮೆರಾ ಇತ್ತು, ಹೆಚ್ಚಿನವರು ತೆಗೆದದ್ದು ಅಗ್ಗದ ಕಪ್ಪು-ಬಿಳುಪಿನಲ್ಲಿ. ಬಣ್ಣದ ರೋಲುಗಳು ಧಾರಾಳವಾಗಿ ಹೋಗುತ್ತಿದ್ದದ್ದು ಸೇನೆಯ ಪ್ರಚಾರ ತುಕಡಿಗಳಿಗೆ. 1938ರಲ್ಲಿ ಕಟ್ಟಿದ ಈ ತುಕಡಿಗಳಲ್ಲಿ ಪತ್ರಕರ್ತರು, ಚಿತ್ರಕಾರರು, ಛಾಯಾಗ್ರಾಹಕರು, ಸಿನಿಮಾದವರು ಸಮವಸ್ತ್ರ ತೊಟ್ಟು ಸೈನಿಕರಾಗಿಯೇ ಇದ್ದರು. ಅವರ ಚಿತ್ರ ಸೆನ್ಸಾರ್ ದಾಟಿ ಅಚ್ಚಿಗೆ ಹೋಗುತ್ತಿತ್ತು. ಅದರಲ್ಲಿ ಮುಖ್ಯವಾದದ್ದು 'ಸಿಗ್ನಲ್' ಪತ್ರಿಕೆ. 1940ರ ಏಪ್ರಿಲ್‌ನಲ್ಲಿ ಶುರುವಾದ ಇದು ಅಮೆರಿಕದ 'ಲೈಫ್' ಪತ್ರಿಕೆಯ ಮಾದರಿಯಲ್ಲಿ, ಜರ್ಮನಿಯ ಹೊರಗಿನ ಓದುಗರಿಗಾಗಿ, ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತಿತ್ತು. 1943ರಲ್ಲಿ ಪ್ರಸಾರ ಸುಮಾರು 25 ಲಕ್ಷ. ಅದರ ಬಣ್ಣದ ಪುಟಗಳಲ್ಲಿದ್ದ ಸೈನಿಕ ಶುಚಿಯಾಗಿದ್ದ, ಎತ್ತರವಾಗಿದ್ದ, ಗಾಯಗೊಂಡರೂ ಬಿಳಿ ಬ್ಯಾಂಡೇಜಿನಲ್ಲಿ ನಗುತ್ತಿದ್ದ. ಇಂದು ನಮ್ಮ ಕೈಗೆ ಬರುವ ಸುಂದರ ಚಿತ್ರಗಳಲ್ಲಿ ಬಹಳಷ್ಟು ಇಂಥ ಉದ್ದೇಶಕ್ಕಾಗಿಯೇ ತೆಗೆದವು. ಅಡಿಬರಹ ಕಳೆದುಹೋಗಿದೆ, ಉದ್ದೇಶ ಚಿತ್ರದೊಳಗೆ ಹಾಗೇ ಉಳಿದಿದೆ.

ಆದರೆ ಪ್ರಚಾರದವರ ಕ್ಯಾಮೆರಾದಲ್ಲಿ ಪ್ರಚಾರಕ್ಕೆ ಬಾರದ ಚಿತ್ರವೂ ಕೆಲವೊಮ್ಮೆ ಉಳಿದುಬಿಟ್ಟಿದೆ. ಯೊಹಾನೆಸ್ ಹೇಲೆ ಎಂಬಾತ ಜರ್ಮನಿಯ 6ನೇ ಸೈನ್ಯದ ಜೊತೆಗಿದ್ದ 637ನೇ ಪ್ರಚಾರ ತುಕಡಿಯ ಛಾಯಾಗ್ರಾಹಕ. 1941ರ ಸೆಪ್ಟೆಂಬರ್ 19ರಂದು ಜರ್ಮನ್ನರು ಕೀವ್ ನಗರವನ್ನು ಹಿಡಿದರು. ಯಹೂದಿಗಳೆಲ್ಲ ಬಟ್ಟೆಬರೆ, ಹಣ, ಕಾಗದಪತ್ರಗಳೊಂದಿಗೆ ಬಂದು ಸೇರಬೇಕೆಂದು ಗೋಡೆಗಳ ಮೇಲೆ ನೋಟಿಸು ಅಂಟಿಸಲಾಯಿತು. ಅದನ್ನು ಅಚ್ಚು ಮಾಡಿದ್ದು 6ನೇ ಸೈನ್ಯದ ಮುದ್ರಣಾಲಯ. ಬೇರೆ ಊರಿಗೆ ಸಾಗಿಸುತ್ತಾರೆಂದು ನಂಬಿ ಜನ ಬಂದರು. ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನಗಳಲ್ಲಿ, ಊರಂಚಿನ ಬಾಬಿ ಯಾರ್ ಕಮರಿಯಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಸಂಖ್ಯೆ ಕೊಂದವರೇ ತಮ್ಮ ವರದಿಯಲ್ಲಿ ಬರೆದುಕೊಂಡದ್ದು.

ಹೇಲೆ ಅಲ್ಲಿಗೆ ಹೋದದ್ದು ಅದಾದ ಸ್ವಲ್ಪ ದಿನಕ್ಕೆ, ಅಗ್ಫಾಕಲರ್ ತುಂಬಿದ ಕ್ಯಾಮೆರಾದೊಂದಿಗೆ. ಕಮರಿಯಲ್ಲಿ ತೆಗೆದ ಅವನ ಚಿತ್ರಗಳಲ್ಲಿ ರಕ್ತವಿಲ್ಲ, ಹೆಣಗಳೂ ಕಾಣುವುದಿಲ್ಲ. ಮರಳು ಬಣ್ಣದ ಕಮರಿಯ ತಳದಲ್ಲಿ ಸೋವಿಯತ್ ಯುದ್ಧಕೈದಿಗಳು ಸಾಲಾಗಿ ನಿಂತು ಸಲಿಕೆಯಿಂದ ಮಣ್ಣು ಸಮ ಮಾಡುತ್ತಿದ್ದಾರೆ. ಇನ್ನೊಂದರಲ್ಲಿ ನೆಲದ ಮೇಲೆ ಬಟ್ಟೆಗಳ ರಾಶಿ. ನಾತ್ಸಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಇಬ್ಬರು ಸಿಬ್ಬಂದಿ ಬಗ್ಗಿ ಅದರಲ್ಲಿ ಏನೋ ಹುಡುಕುತ್ತಿದ್ದಾರೆ. ಕಪ್ಪು-ಬಿಳುಪಿನಲ್ಲಿ ಆ ರಾಶಿ ಬರೀ ಬೂದು ಗುಡ್ಡೆಯಾಗುತ್ತಿತ್ತು. ಬಣ್ಣದಲ್ಲಿ ಒಂದೊಂದು ಉಡುಪೂ ಬೇರೆಯಾಗಿ, ಒಬ್ಬೊಬ್ಬ ಮನುಷ್ಯನದಾಗಿ ಕಾಣುತ್ತದೆ. ಆ ಬೆಳಿಗ್ಗೆ ಒಬ್ಬ ತಾಯಿ ಚಳಿಯಾದೀತೆಂದು ಮಗುವಿಗೆ ಯಾವುದನ್ನು ತೊಡಿಸಿದ್ದಳೋ ಅದು ಅಲ್ಲಿದೆ. ಬಣ್ಣದ ಫೋಟೊ ಇತಿಹಾಸಕ್ಕೆ ಕೊಟ್ಟದ್ದೇನು ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನು.

ಈ ರೋಲನ್ನು ಹೇಲೆ ತನ್ನ ತುಕಡಿಗೆ ಒಪ್ಪಿಸಲಿಲ್ಲ, ತನ್ನ ಬಳಿಯೇ ಇಟ್ಟುಕೊಂಡ. 1944ರಲ್ಲಿ ಅವನು ನಾರ್ಮಂಡಿಯಲ್ಲಿ ಸತ್ತ. 1950ರ ದಶಕದಲ್ಲಿ ಅವನ ಹೆಂಡತಿ ಚಿತ್ರಗಳನ್ನು ಬರ್ಲಿನ್ನಿನ ಪತ್ರಕರ್ತರೊಬ್ಬರಿಗೆ ಮಾರಿದರು; ಕೊನೆಗೆ ಅವು ಹ್ಯಾಂಬರ್ಗಿನ ಸಮಾಜ ಸಂಶೋಧನಾ ಸಂಸ್ಥೆಯನ್ನು ಸೇರಿದವು. ಯಾಕೆ ಒಪ್ಪಿಸಲಿಲ್ಲ ಎಂಬುದಕ್ಕೆ ಅವನನ್ನು ನಾಯಕನನ್ನಾಗಿ ಮಾಡುವ ಉತ್ತರ ಹುಡುಕುವುದು ಬೇಡ. ಚಿತ್ರ ಉಳಿಯಿತು, ಅಷ್ಟು ಸಾಕು.

ಹೇಲೆಯ ಚಿತ್ರಗಳು ಬಾಯಿ ಬಿಟ್ಟು ಹೇಳುವುದನ್ನು ಇನ್ನು ಕೆಲವು ಚಿತ್ರಗಳು ಮುಚ್ಚಿಡುತ್ತವೆ. ಹಿಟ್ಲರನ ಬಳಗದಲ್ಲಿದ್ದ ಕ್ಯಾಮೆರಾಮನ್ ವಾಲ್ಟರ್ ಫ್ರೆಂಟ್ಸ್ 1944ರಲ್ಲಿ ಮಿಟೆಲ್‌ಬೌ-ಡೋರಾ ಎಂಬ ನಾತ್ಸಿ ಸೆರೆಶಿಬಿರದ ಸುರಂಗ ಕಾರ್ಖಾನೆಗೆ ಹೋಗಿ, ವಿ-2 ರಾಕೆಟ್ ಕಟ್ಟುವ ಕೈದಿಗಳನ್ನು ಬಣ್ಣದಲ್ಲಿ ತೆಗೆದ. ಪಟ್ಟೆ ಬಟ್ಟೆಯ ಅವರು ನುರಿತ ಕೆಲಸಗಾರರ ಹಾಗೆ, ದೀಪದ ಬೆಳಕಿನಲ್ಲಿ ಉಪಕರಣಗಳ ಮುಂದೆ ಕೂತಿದ್ದಾರೆ. ಮುಖದಲ್ಲಿ ಉಪವಾಸವಿಲ್ಲ. ಆ ಶಿಬಿರಕ್ಕೆ ತಂದ ಸುಮಾರು 60,000 ಜನರಲ್ಲಿ ಮೂರನೇ ಒಂದು ಪಾಲು ಸತ್ತರು. ಈ ಚಿತ್ರಗಳು 1998ರವರೆಗೆ ಫ್ರೆಂಟ್ಸ್ ಮನೆಯಲ್ಲೇ ಬಿದ್ದಿದ್ದವು. ಹಿಟ್ಲರನ ಇನ್ನೊಬ್ಬ ಛಾಯಾಗ್ರಾಹಕ ಹ್ಯೂಗೊ ಯೇಗರ್ ಕೂಡ ತನ್ನ ಬಣ್ಣದ ಸ್ಲೈಡುಗಳನ್ನು ಗಾಜಿನ ಭರಣಿಗಳಲ್ಲಿಟ್ಟು ಮ್ಯೂನಿಕ್ ಹೊರವಲಯದಲ್ಲಿ ಹೂತಿಟ್ಟಿದ್ದ. 1965ರಲ್ಲಿ 'ಲೈಫ್' ಪತ್ರಿಕೆಗೆ ಮಾರಿದ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡುವುದು ಬಂದೂಕು ಹಿಡಿಯದ ಒಬ್ಬ ಲೆಕ್ಕಿಗ. ಆಸ್ಟ್ರಿಯಾದ ವಾಲ್ಟರ್ ಗೆನೆವೈನ್ ಪೋಲೆಂಡಿನ ವುಚ್ ನಗರದ ಘೆಟ್ಟೊದಲ್ಲಿ, ಅಂದರೆ ಯಹೂದಿಗಳನ್ನು ಬೇಲಿ ಹಾಕಿ ಕೂಡಿಟ್ಟ ಕೇರಿಯಲ್ಲಿ, ಜರ್ಮನ್ ಆಡಳಿತದ ಮುಖ್ಯ ಲೆಕ್ಕಾಧಿಕಾರಿ. 1940ರಿಂದ 1944ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಯಹೂದಿಗಳು ಆ ಬೇಲಿಯೊಳಗೆ ಬದುಕಿದರು. ಹಸಿವಿನಿಂದ ಸಾಯದೆ ಉಳಿದ ಬಹುಪಾಲು ಜನರನ್ನು ಕೊಲೆ ಶಿಬಿರಗಳಿಗೆ ಕಳಿಸಿದರು. ಗೆನೆವೈನ್ ಅಲ್ಲಿನ ಟೋಪಿ, ಬೆಲ್ಟು, ಬುಟ್ಟಿ ತಯಾರಿಕೆಯ ಕಾರ್ಯಾಗಾರಗಳನ್ನು, ಬೀದಿಗಳನ್ನು, ಜನರನ್ನು ಬಣ್ಣದ ಸ್ಲೈಡಿನಲ್ಲಿ ತೆಗೆದ. ಘೆಟ್ಟೊ ಎಷ್ಟು ಲಾಭದಾಯಕವಾಗಿ ನಡೆಯುತ್ತಿದೆ ಎಂದು ತೋರಿಸುವ ಆಸೆ ಅವನಿಗೆ. ತೊಳೆದು ಬಂದ ಸ್ಲೈಡುಗಳಲ್ಲಿ ಕೆಂಪು-ಕಂದು ಛಾಯೆ ಕಂಡಾಗ ಅಗ್ಫಾ ಕಂಪನಿಗೆ ದೂರಿನ ಪತ್ರ ಬರೆದ. ಬಣ್ಣ ಸರಿಯಾಗಿ ಬಂದಿಲ್ಲ ಎಂಬುದು ಅವನ ಅಳಲು. ಎದುರಿಗೆ ನಿಂತಿದ್ದ ಮಕ್ಕಳ ಸೊರಗಿದ ಕಾಲು ಅವನ ಪತ್ರದ ವಿಷಯವಾಗಿರಲಿಲ್ಲ.

ಸುಮಾರು 400 ಸ್ಲೈಡುಗಳು 1987ರಲ್ಲಿ ವಿಯೆನ್ನಾದ ಹಳೆಯ ವಸ್ತುಗಳ ಅಂಗಡಿಯಲ್ಲಿ ಸಿಕ್ಕವು. ಪೋಲೆಂಡಿನ ದಾರಿಯುಸ್ ಯಬ್ವೋನ್ಸ್ಕಿ ಅವುಗಳ ಮೇಲೆ 1998ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಇಂದಿನ ಪೋಲೆಂಡ್ ಕಪ್ಪು-ಬಿಳುಪಿನಲ್ಲಿದೆ, ಗೆನೆವೈನ್‌ನ ಸ್ಲೈಡುಗಳು ಮಾತ್ರ ಬಣ್ಣದಲ್ಲಿ. ಘೆಟ್ಟೊದಲ್ಲಿ ವೈದ್ಯರಾಗಿದ್ದು ಬದುಕಿ ಬಂದ ಅರ್ನೋಲ್ಡ್ ಮೋಸ್ತೋವಿಚ್ ಆ ಚಿತ್ರಗಳನ್ನು ನೋಡಿ ತಾನು ಕಂಡ ಘೆಟ್ಟೊ ಇದರಲ್ಲಿಲ್ಲ ಎಂಬ ನೋವನ್ನು ತೋಡಿಕೊಳ್ಳುತ್ತಾರೆ. ಸ್ಲೈಡು ನಕಲಿಯಲ್ಲ, ಜಾಗ ಅದೇ, ಜನ ಅವರೇ. ತೆಗೆದವನ ಕಣ್ಣು ಮಾತ್ರ ಸಾಯುತ್ತಿರುವವರನ್ನು ದಾಸ್ತಾನಿನಂತೆ ನೋಡಿತ್ತು.

ಆ ಫಿಲ್ಮಿಗೂ ತನ್ನದೊಂದು ಕಥೆಯಿದೆ. ಅಗ್ಫಾ ಆಗ ಐಜಿ ಫಾರ್ಬೆನ್ ಎಂಬ ದೈತ್ಯ ಕಂಪನಿಯ ಭಾಗ. ಆಶ್‌ವಿಟ್ಸ್ ಕೊಲೆ ಶಿಬಿರದ ಪಕ್ಕ ಕೈದಿಗಳನ್ನು ದುಡಿಸಿ ರಬ್ಬರ್ ಕಾರ್ಖಾನೆ ಕಟ್ಟಿಸಿದ್ದು ಅದೇ ಕಂಪನಿ. ಫಿಲ್ಮು ತಯಾರಾಗುತ್ತಿದ್ದ ವೋಲ್ಫೆನ್ ಕಾರ್ಖಾನೆಗೂ 1943ರಿಂದ ಶಿಬಿರಗಳ ಮಹಿಳಾ ಕೈದಿಗಳನ್ನು ದುಡಿಮೆಗೆ ತಂದರು.

ಹಾಗಾದರೆ ಬಣ್ಣದಿಂದ ತಿಳಿಯುವುದೇನೂ ಇಲ್ಲವೇ? ಬೇಕಾದಷ್ಟಿದೆ. ಜರ್ಮನ್ ಸೈನಿಕನ ಹೆಗಲಪಟ್ಟಿಯ ಅಂಚಿನ ಬಣ್ಣ ಅವನ ದಳವನ್ನು ಹೇಳುತ್ತದೆ: ಕಾಲಾಳಿಗೆ ಬಿಳಿ, ಫಿರಂಗಿಯವರಿಗೆ ಕೆಂಪು, ವೈದ್ಯಕೀಯದವರಿಗೆ ಗಾಢ ನೀಲಿ, ಕಪ್ಪು ಸಮವಸ್ತ್ರದ ಟ್ಯಾಂಕಿನವರಿಗೆ ಗುಲಾಬಿ. ಕಪ್ಪು-ಬಿಳುಪಿನಲ್ಲಿ ಇವುಗಳನ್ನು ಗುರುತಿಸುವುದು ಕಷ್ಟ. ಉತ್ತರ ಆಫ್ರಿಕಾದಲ್ಲಿದ್ದವರ ಹಸಿರು ಟೋಪಿ ಬಿಸಿಲಿಗೆ ಬೆಳ್ಳಗಾಗಿದ್ದರೆ ಆ ಸೈನಿಕ ಬಂದು ಬಹಳ ಕಾಲವಾಗಿದೆ ಎಂದು ಊಹಿಸಬಹುದು. ಭಾರತೀಯರಾದ ನಮಗೆ ಇಲ್ಲೊಂದು ನಂಟೂ ಇದೆ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಬ್ರಿಟಿಷ್ ಇಂಡಿಯನ್ ಆರ್ಮಿಯ ಯೋಧರಿಂದ ಸುಭಾಷ್‌ಚಂದ್ರ ಬೋಸರು ಕಟ್ಟಿದ ಆಜಾದ್ ಹಿಂದ್ ದಳದ ಸೈನಿಕರು ಜರ್ಮನ್ ಸಮವಸ್ತ್ರವನ್ನೇ ತೊಟ್ಟಿದ್ದರು. 1944ರ ಫೆಬ್ರುವರಿಯಲ್ಲಿ ಫ್ರಾನ್ಸ್ ಕರಾವಳಿಯಲ್ಲಿ ಜರ್ಮನ್ ಸೇನಾನಿ ರೊಮೆಲ್ ಈ ದಳವನ್ನು ಪರಿಶೀಲಿಸಿದಾಗಿನ ಫೋಟೊಗಳು ಕಪ್ಪು-ಬಿಳುಪು. ತೋಳಿನ ಮೇಲಿದ್ದ ಕೇಸರಿ, ಬಿಳಿ, ಹಸಿರಿನ ಪಟ್ಟಿ, ಅದರ ಮೇಲೆ ನೆಗೆಯುವ ಹುಲಿ, ಎಲ್ಲವೂ ಅಲ್ಲಿ ಬೂದು.

ಇಂಥ ಬೂದುಬಣ್ಣಕ್ಕೆ ಈಗ ಕಂಪ್ಯೂಟರ್ ಬಣ್ಣ ಬಳಿಯುತ್ತದೆ. ಅದು ತಿಳಿದು ಬಳಿಯುವುದಲ್ಲ, ಊಹಿಸಿ ಬಳಿಯುವುದು. ಹೆಗಲಪಟ್ಟಿಯ ಗುಲಾಬಿಯನ್ನು ಅದು ಬಿಳಿಯಾಗಿಸಬಹುದು, ಒಂದು ದಳದವನನ್ನು ಇನ್ನೊಂದು ದಳಕ್ಕೆ ಸೇರಿಸಬಹುದು. ಅಸಲಿ ಅಗ್ಫಾಕಲರಿನಲ್ಲಿ ನೆರಳಿಗೂ ಒಂದು ಬಣ್ಣವಿರುತ್ತದೆ. ವರ್ಷಗಳಲ್ಲಿ ಬಣ್ಣ ಒಂದು ಕಡೆಗೆ ವಾಲಿರುತ್ತದೆ. ಬಳಿದ ಚಿತ್ರದಲ್ಲಿ ಚರ್ಮವೆಲ್ಲ ಒಂದೇ ಬಣ್ಣ, ಹುಲ್ಲೆಲ್ಲ ಒಂದೇ ಹಸಿರು. ಕಣ್ಣನ್ನೇ ನೆಚ್ಚಿಕೊಳ್ಳುವುದಕ್ಕಿಂತ ಚಿತ್ರ ಯಾವ ಸಂಗ್ರಹಾಲಯದ್ದು, ಸಂಖ್ಯೆ ಏನು ಎಂದು ಕೇಳುವುದು ಲೇಸು.

ಮೂಲ ಕೇಳುವುದು ಎಷ್ಟು ಮುಖ್ಯ ಎಂಬುದಕ್ಕೆ ಜರ್ಮನ್ನರೇ ದೊಡ್ಡ ಬೆಲೆ ತೆತ್ತಿದ್ದಾರೆ. ಹ್ಯಾಂಬರ್ಗಿನ ಅದೇ ಸಂಸ್ಥೆ 1995ರಿಂದ ಊರೂರಿಗೆ ಒಯ್ದ ಪ್ರದರ್ಶನವೊಂದು, ಯಹೂದಿಗಳ ಕೊಲೆಯಲ್ಲಿ ಎಸ್‌ಎಸ್ ಮಾತ್ರವಲ್ಲ ಸಾಮಾನ್ಯ ಸೇನೆಯೂ ಪಾಲುದಾರ ಎಂದು ಸೈನಿಕರದೇ ಫೋಟೊಗಳ ಮೂಲಕ ತೋರಿಸಿತು. ಎಂಟು ಲಕ್ಷಕ್ಕೂ ಹೆಚ್ಚು ಜನ ನೋಡಿದರು; ಅಪ್ಪ, ಅಜ್ಜಂದಿರನ್ನು ನಿರ್ದೋಷಿಗಳೆಂದು ನಂಬಿದ್ದ ಮನೆಗಳಲ್ಲಿ ಜಗಳಗಳಾದವು. 1999ರಲ್ಲಿ ಇತಿಹಾಸಕಾರರು ಕೆಲವು ಚಿತ್ರಗಳಲ್ಲಿರುವ ಶವಗಳು ಸೋವಿಯತ್ ಗುಪ್ತ ಪೊಲೀಸರು ಕೊಂದವರದು ಎಂದು ತೋರಿಸಿಕೊಟ್ಟಾಗ ಪ್ರದರ್ಶನವನ್ನೇ ನಿಲ್ಲಿಸಬೇಕಾಯಿತು. ತಜ್ಞರ ಸಮಿತಿ 1,433 ಫೋಟೊಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಅಲ್ಲಿರಬಾರದಿದ್ದವು ಇಪ್ಪತ್ತಕ್ಕಿಂತ ಕಡಿಮೆ, ಮುಖ್ಯ ವಾದ ಸರಿಯಿತ್ತು. 2001ರಲ್ಲಿ ಪ್ರದರ್ಶನ ಹೊಸದಾಗಿ ತೆರೆಯಿತು. ಈ ಸಲ ಫೋಟೊಗಳು ಕಡಿಮೆ, ದಾಖಲೆಗಳು ಹೆಚ್ಚು, ಚಿತ್ರಗಳ ಮೂಲವನ್ನು ಹೇಗೆ ಪತ್ತೆ ಹಚ್ಚಬೇಕು ಎಂಬ ವಿವರಣೆಗೂ ಅದರಲ್ಲಿ ಜಾಗ ಸಿಕ್ಕಿತು.

ಜರ್ಮನಿಯ ರಾಷ್ಟ್ರೀಯ ದಾಖಲೆ ಭಂಡಾರ ಈಗ ಪ್ರಚಾರ ತುಕಡಿಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಅವುಗಳ ಹಳೆಯ ಅಡಿಬರಹವನ್ನು ಅದು ಅಳಿಸುವುದಿಲ್ಲ. ಹಾಗೇ ಉಳಿಸಿ, ಈ ಬರಹ ತಪ್ಪಾಗಿರಬಹುದು, ಪಕ್ಷಪಾತದ್ದಾಗಿರಬಹುದು, ರಾಜಕೀಯವಾಗಿ ಉಗ್ರವಾಗಿರಬಹುದು ಎಂಬ ಟಿಪ್ಪಣಿಯನ್ನು ಜೊತೆಗಿಡುತ್ತದೆ. ನಮ್ಮ ಫೋನಿಗೆ ಬರುವಾಗ ಅಡಿಬರಹವೂ ಇರುವುದಿಲ್ಲ, ಟಿಪ್ಪಣಿಯೂ ಇರುವುದಿಲ್ಲ. ಎರಡೂ ಭಂಡಾರದ ಪುಟದಲ್ಲಿ ಸಿಗುತ್ತವೆ. ಫೋಟೊದ ಸಂಖ್ಯೆ ಗೊತ್ತಿದ್ದರೆ ಹುಡುಕಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.