ಊರು ಮಾಡಿದ್ದನ್ನು ಊರೇ ನಡೆದು ನೋಡಬೇಕು

ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಬೈಯೋರು ಓದಿದ ಮೇಲೆ ಬೈಯಿರಿ.

ನಮ್ಮ ಕೊಪ್ಪಳ ಜಿಲ್ಲೆಗೆ ಹೊರಗಿನವರು ಬಂದ್ರೆ ಏನೇನು ತೋರಿಸ್ತೀವಿ? ಆನೆಗೊಂದಿ, ಅಂಜನಾದ್ರಿ ಬೆಟ್ಟ, ಕೊಪ್ಪಳದ ಕೋಟೆ, ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನ, ಇಟಗಿಯ ಮಹಾದೇವ ದೇವಾಲಯ. ಹೊಳೆ ದಾಟಿದ್ರೆ ಹಂಪಿ. ಅಲ್ಲಿ ಗೈಡ್‌ಗಳು ಒಂದೊಂದು ಕಲ್ಲಿನ ಕಥೆ ಹೇಳ್ತಾರೆ. ಯಾವ ರಾಜ ಕಟ್ಟಿಸಿದ, ಯಾವ ಇಸವಿ, ಯಾರು ಬಂದು ಒಡೆದರು, ಎಲ್ಲಾ ಅವರ ಬಾಯಲ್ಲಿ ಐತಿ. ಶಾಲಾ ಮಕ್ಕಳು ಸಾಲಾಗಿ ನಿಂತು ಕೇಳ್ತಾರೆ.

ಅದೇ ಗಂಗಾವತಿ ತಾಲೂಕಿನ ಮರಕುಂಬಿಗೆ ಯಾರನ್ನೂ ಕರಕೊಂಡು ಹೋಗಲ್ಲ. ಹೋಗಬೇಕು ಅಂತ ನನ್ನ ವಾದ. ಯಾಕೆ ಅಂತ ಹೇಳ್ತೀನಿ.

ನಮ್ಮ ಕಡೆಯ ಹುಡುಗ ಒಬ್ಬ ಜರ್ಮನಿಯಲ್ಲಿ ಓದ್ತಾನೆ. ಬರ್ಲಿನ್ ನಗರದಲ್ಲಿ ನಾಜಿ ಕಾಲದ ಚರಿತ್ರೆಯನ್ನ ಓಣಿ ಓಣಿ ನಡೆದು ತೋರಿಸುವ ಟೂರ್‌ಗಳಿವೆ. ಅಂಥದ್ದೊಂದಕ್ಕೆ ಹೋಗಿ ಬಂದು ಫೋನ್ ಮಾಡಿದ್ದ. “ಅಣ್ಣಾ, ಕ್ಯಾಂಪು, ಗ್ಯಾಸ್ ಚೇಂಬರ್ ತೋರಸ್ತಾರ ಅಂದ್ಕೊಂಡಿದ್ದೆ. ಇವರು ಬೆಂಚು, ಬ್ರೆಡ್ಡು ತೋರಿಸಿದ್ರು” ಅಂದ.

ಅವನು ಹೇಳಿದ ಜಾಗ ಬರ್ಲಿನ್ನಿನ ಬವೇರಿಯನ್ ಕ್ವಾರ್ಟರ್ ಅನ್ನೋ ಬಡಾವಣೆ. ಒಂದು ಕಾಲಕ್ಕೆ ಅಲ್ಲಿ ಯಹೂದಿಗಳು ಹೆಚ್ಚಾಗಿ ಇದ್ದರು. 1993ರಲ್ಲಿ ಅಲ್ಲಿನ ಲೈಟ್ ಕಂಬಗಳಿಗೆ 80 ಬೋರ್ಡು ಹಾಕಿದರು. ರೆನಾಟಾ ಸ್ಟಿಹ್ ಮತ್ತು ಫ್ರೀಡರ್ ಶ್ನಾಕ್ ಅನ್ನೋ ಇಬ್ಬರು ಕಲಾವಿದರ ಕೆಲಸ ಅದು. ಬೋರ್ಡಿನ ಒಂದು ಕಡೆ ಒಂದು ಸಾದಾ ಚಿತ್ರ, ಇನ್ನೊಂದು ಕಡೆ ಯಹೂದಿಗಳ ವಿರುದ್ಧ ಹೊರಡಿಸಿದ ಒಂದು ಆದೇಶ, ಕೆಳಗೆ ಇಸವಿ. ಬ್ರೆಡ್ಡಿನ ಚಿತ್ರದ ಹಿಂದೆ: ಬರ್ಲಿನ್ನಿನ ಯಹೂದಿಗಳು ಸಂಜೆ 4ರಿಂದ 5 ಗಂಟೆಯೊಳಗೆ ಮಾತ್ರ ದಿನಸಿ ಕೊಳ್ಳಬೇಕು, 1940. ಇನ್ನೊಂದರಲ್ಲಿ: ಹಳದಿ ಗುರುತಿನ ಬೆಂಚಿನ ಮೇಲೆ ಮಾತ್ರ ಕೂರಬೇಕು, 1939. ಮತ್ತೊಂದರಲ್ಲಿ: ಈಜುಕೊಳಕ್ಕೆ ಬರುವಂತಿಲ್ಲ, 1938.

60 ಲಕ್ಷ ಯಹೂದಿಗಳನ್ನು ಕೊಂದ ಕಥೆ ಜಗತ್ತಿಗೇ ಗೊತ್ತು. ಆದರೆ ಆ ಕೊಲೆ ಒಂದೇ ದಿನ ಶುರುವಾಗಲಿಲ್ಲ. ಹಿಟ್ಲರ್ 1933ರ ಜನವರಿ 30ಕ್ಕೆ ಅಧಿಕಾರಕ್ಕೆ ಬಂದ. ಏಪ್ರಿಲ್ 1ಕ್ಕೇ ಯಹೂದಿಗಳ ಅಂಗಡಿಗೆ ಹೋಗಬೇಡಿ ಅಂತ ಬಹಿಷ್ಕಾರ. 1935ಕ್ಕೆ ಪೌರತ್ವ ಕಿತ್ತುಕೊಂಡರು, ಮದುವೆ ಸಂಬಂಧಕ್ಕೆ ನಿಷೇಧ ಹಾಕಿದರು. ಆಮೇಲೆ ಬೆಂಚು, ಆಮೇಲೆ ಬ್ರೆಡ್ಡು. ಕೊಲೆ ಬಂದದ್ದು ಇಷ್ಟೆಲ್ಲಾ ಆದ ಮೇಲೆ. ಆ ನಡಿಗೆ ತೋರಿಸೋದು ಇದನ್ನೇ.

ನಾನು ಆಫೀಸಿನಲ್ಲಿ ಗುಮಾಸ್ತ. ಆ 80 ಬೋರ್ಡಿನ ವಿಷಯ ಕೇಳಿದಾಗ ನನಗೆ ಹೊಳೆದದ್ದು ಬೇರೆ. ಆ ಒಂದೊಂದು ಆದೇಶವನ್ನೂ ಯಾರೋ ಒಬ್ಬ ಗುಮಾಸ್ತ ಟೈಪ್ ಮಾಡಿದ್ದಾನೆ. ತಾರೀಖು ಹಾಕಿದ್ದಾನೆ. ಸಾಹೇಬನ ಸಹಿ ತಗೊಂಡು ಫೈಲಿಗೆ ಸೇರಿಸಿದ್ದಾನೆ. ಫೈಲು ಇದ್ದದ್ದಕ್ಕೇ ಇವತ್ತು ಅದನ್ನ ಬೋರ್ಡಿಗೆ ಹಾಕೋಕೆ ಆಯ್ತು.

ನಮ್ಮಲ್ಲಿ? ದಲಿತರು ಹೊಟೇಲಿನ ಒಳಗೆ ಕೂರಬಾರದು ಅಂತ ಯಾವ ಸರ್ಕಾರಿ ಆದೇಶ ಐತಿ? ಕಟಿಂಗ್ ಮಾಡಬಾರದು ಅಂತ ಯಾವ ಸುತ್ತೋಲೆ ಐತಿ? ಒಂದೂ ಇಲ್ಲ. ಉಲ್ಟಾ, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡೈತಿ. 1955ರ ಕಾಯ್ದೆ ಐತಿ, 1989ರ ದೌರ್ಜನ್ಯ ತಡೆ ಕಾಯ್ದೆ ಐತಿ. ಜರ್ಮನಿಯಲ್ಲಿ 12 ವರ್ಷ ಕಾನೂನು ಮಾಡಿ ನಡೆಸಿದ್ದನ್ನ ನಮ್ಮಲ್ಲಿ ಸಾವಿರಾರು ವರ್ಷ ಆದೇಶ ಇಲ್ಲದೆ, ಈಗ ಕಾನೂನಿಗೆ ವಿರುದ್ಧವಾಗಿಯೇ ನಡೆಸ್ತಾರೆ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಅಲ್ಲಿ ಒಂದು ಸರ್ಕಾರ ಒಂದು ಜನಾಂಗವನ್ನೇ ಮುಗಿಸೋಕೆ ಹೊರಟಿತ್ತು. ಇಲ್ಲಿ ನಮ್ಮನ್ನ ಮುಗಿಸಲ್ಲ, ದುಡಿಯೋಕೆ ನಾವು ಬೇಕು. ಆದರೆ ಆಫೀಸಿನ ಲೆಕ್ಕ ನನಗೆ ಗೊತ್ತು. ಕಾಗದ ಇಲ್ಲ ಅಂದ್ರೆ ನಡೆದೇ ಇಲ್ಲ. “ನಮ್ಮೂರಾಗ ಅಂಥದ್ದೇನೂ ಇಲ್ರೀ, ಎಲ್ಲಾರೂ ಅಣ್ಣತಮ್ಮರ ಹಂಗ ಅದೀವಿ” ಅನ್ನೋ ಮಾತು ಹುಟ್ಟೋದೇ ಇಲ್ಲಿಂದ.

ಅದಕ್ಕೇ ಮರಕುಂಬಿ ಮುಖ್ಯ. ಅಲ್ಲಿನದ್ದಕ್ಕೆ ಕಾಗದ ಐತಿ.

ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದ ಅಂಗಡಿ, ಹೊಟೇಲಿಗೆ ಪ್ರವೇಶ ಇರಲಿಲ್ಲ. ನಮ್ಮವರು ಅದನ್ನ ಪ್ರಶ್ನೆ ಮಾಡಿದ್ದರು. ಆ ಸಿಟ್ಟು ಊರಲ್ಲಿ ಇದ್ದಾಗಲೇ ಗಂಗಾವತಿಯ ಚಿತ್ರಮಂದಿರದಲ್ಲಿ ನಡೆದ ಒಂದು ಜಗಳ ಊರಿಗೆ ಬಂತು. 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ನುಗ್ಗಿ ಹೊಡೆದರು, ಗುಡಿಸಲಿಗೆ ಬೆಂಕಿ ಇಟ್ಟರು. ರಾಜ್ಯದ ತುಂಬಾ ಹೋರಾಟ ಆಯ್ತು, ಮರಕುಂಬಿಯಿಂದ ಬೆಂಗಳೂರಿಗೆ ಪಾದಯಾತ್ರೆಯೂ ನಡೀತು. ಹತ್ತು ವರ್ಷ ಕೋರ್ಟಿಗೆ ಅಲೆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ, 3 ಜನರಿಗೆ 5 ವರ್ಷ ಶಿಕ್ಷೆ ಕೊಟ್ಟಿತು. ಜಾತಿ ದೌರ್ಜನ್ಯದ ಒಂದೇ ಕೇಸಿನಲ್ಲಿ ಇಷ್ಟು ಜನರಿಗೆ ಶಿಕ್ಷೆ ಅಂತ ದೇಶವೆಲ್ಲಾ ಮಾತಾಡ್ತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿ ಹಾಕೋದು ಅವರ ಹಕ್ಕು, ಅದರ ಬಗ್ಗೆ ನಾನು ಮಾತಾಡಲ್ಲ.

ನಾನು ಮಾತಾಡೋದು ಊರಿನ ಬಗ್ಗೆ. ನಮ್ಮ ಆಫೀಸು ಭಾಷೆಯಲ್ಲಿ ಒಂದು ಪದ ಐತಿ, ‘ವಿಲೇವಾರಿ’. ತೀರ್ಪು ಬಂತು, ಪೇಪರಿನಲ್ಲಿ ಫೋಟೋ ಬಂತು, ವಿಲೇವಾರಿ ಆಯ್ತು. ಕೋರ್ಟು ಶಿಕ್ಷೆ ಕೊಡಬಹುದು. ಆ ಹೊಟೇಲಿನ ಬಾಗಿಲಲ್ಲಿ ಏನು ನಡೀತಿತ್ತು ಅಂತ ಇವತ್ತು ಐದನೇ ಕ್ಲಾಸಿನಲ್ಲಿ ಓದುವ ಮಕ್ಕಳಿಗೆ ಕೋರ್ಟು ಬಂದು ಹೇಳಲ್ಲ.

ಮರಕುಂಬಿ ಒಂದೇ ಅಲ್ಲ. ಕುಷ್ಟಗಿ ತಾಲೂಕಿನ ಮಿಯಾಪುರಕ್ಕೆ ಬನ್ನಿ. 2021ರ ಸೆಪ್ಟೆಂಬರ್. ಅಪ್ಪ ತನ್ನ ಎಳೆ ಕೂಸನ್ನ ಕರಕೊಂಡು ಹನುಮಪ್ಪನ ಗುಡಿ ಹೊರಗೆ ನಿಂತು ಕೈ ಮುಗೀತಿದ್ದ. ಕೂಸು ಗುಡಿಯೊಳಗೆ ಓಡಿತು. ಗುಡಿ ಶುದ್ಧ ಮಾಡಬೇಕು ಅಂತ ಊರ ಹಿರಿಯರು ಆ ಬಡ ಕುಟುಂಬಕ್ಕೆ 20,000 ರೂಪಾಯಿಗೂ ಮೇಲೆ ದಂಡ ಕೇಳಿದರು. ಅರೆಸ್ಟ್ ಆಯ್ತು, ಅಧಿಕಾರಿಗಳು ಬಂದು ತಿಳುವಳಿಕೆ ಸಭೆ ಮಾಡಿದರು. ಆ ಕೂಸಿನ ಹೆಸರಿನಲ್ಲೇ 2022ರಲ್ಲಿ ಸರ್ಕಾರ ಒಂದು ಸಾಮರಸ್ಯ ಯೋಜನೆ ಘೋಷಣೆ ಮಾಡಿತು. 

ಯಲಬುರ್ಗಾ ತಾಲೂಕಿನ ಸಂಗನಾಳಕ್ಕೆ ಬನ್ನಿ. 2024ರ ಆಗಸ್ಟ್. ಕ್ಷೌರದ ಅಂಗಡಿಯಲ್ಲಿ ಶುರುವಾದ ಜಗಳದಲ್ಲಿ ನಮ್ಮ ಹುಡುಗನೊಬ್ಬ ಕತ್ತರಿ ಏಟಿಗೆ ಜೀವ ಬಿಟ್ಟ. ಆ ಕೇಸನ್ನ ಕೋರ್ಟು ನೋಡಿಕೊಳ್ಳಲಿ. ಆದರೆ ಒಂದು ಮಾತು ಹೇಳಬೇಕು. ಕ್ಷೌರಿಕ ಸಮಾಜವೂ ಜಾತಿಯ ಏಟು ತಿಂದ ಸಮಾಜವೇ. “ಅವರಿಗೆ ಕಟಿಂಗ್ ಮಾಡಿದಿ ಅಂದ್ರ ನಾವು ನಿನ್ನ ಅಂಗಡಿಗೆ ಬರೂದಿಲ್ಲ” ಅಂತ ಹಳ್ಳಿಗಳಲ್ಲಿ ಅವರ ಹೊಟ್ಟೆ ಮೇಲೆ ಹೊಡೆಯೋರು ಬೇರೆ. ಯಾವ ಕೇಸಿನಲ್ಲೂ ಅವರ ಹೆಸರು ಬರಲ್ಲ.

ಕ್ಷೌರದ ಅಂಗಡಿ, ಹೊಟೇಲು, ಗುಡಿ ಬಾಗಿಲು. ಅಲ್ಲಿ ಬೆಂಚು, ಬ್ರೆಡ್ಡು, ಈಜುಕೊಳ. ಈಗ ಆ ಹುಡುಗ ಯಾಕೆ ಫೋನ್ ಮಾಡಿದ ಅಂತ ನಿಮಗೂ ತಿಳಿದಿರಬೇಕು.

ಅವನು ಇನ್ನೊಂದು ಮಾತು ಹೇಳಿದ. ಟೂರಿಗೆ ಗೈಡ್ ಆಗಿ ಬಂದಾಕಿ ಯಹೂದಿ ಅಲ್ಲ, ಜರ್ಮನ್ ಹೆಣ್ಣುಮಗಳು. ಜೊತೆಗೆ ನಡೆದವರಲ್ಲಿ ಅರ್ಧಕ್ಕರ್ಧ ಅದೇ ದೇಶದವರು, ಹೈಸ್ಕೂಲು ಮಕ್ಕಳೂ ಇದ್ದರಂತೆ. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಇದು. ಏಟು ತಿಂದವರು ಮಾತ್ರ ನೆನಪು ಹೊರೋದಲ್ಲ, ಏಟು ಕೊಟ್ಟವರ ಮೊಮ್ಮಕ್ಕಳೂ ಹೊರಬೇಕು.

ನಾವಂತೂ ನಡೆದೇ ನಡೀತೀವಿ. ಬಾಬಾಸಾಹೇಬರು 1927ರ ಮಾರ್ಚ್ 20ಕ್ಕೆ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದರು. ಅದೇ ವರ್ಷ ಜನವರಿ 1ಕ್ಕೆ ಭೀಮಾ ಕೋರೆಗಾಂವ್ ಸ್ತಂಭಕ್ಕೆ ಹೋಗಿದ್ದರು. ಇವತ್ತಿಗೂ ಲಕ್ಷ ಲಕ್ಷ ಜನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗ್ತಾರೆ. ಹೋಗೋರು ಯಾರು? ನಾವೇ. ಕೆರೆ ನೀರು ಕೊಡದಿದ್ದವರ ಮೊಮ್ಮಕ್ಕಳು ಎಷ್ಟು ಜನ ಹೋಗ್ತಾರೆ? ಏಪ್ರಿಲ್ 14ರ ಮೆರವಣಿಗೆಯಲ್ಲೂ ಇದೇ ಕಥೆ.

“ಹಳೇದೆಲ್ಲಾ ಯಾಕ ಕೆದಕ್ತೀರಿ? ಆಗಿದ್ದು ಆಗಿ ಹೋತು, ಊರು ಈಗ ತಣ್ಣಗ ಐತಿ” ಅಂತಾರೆ. ಅವರಿಗೆ ಒಂದು ಪ್ರಶ್ನೆ. ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮ ಭಾಗದಲ್ಲಿ ಧ್ವಜ ಹಾರಿಸ್ತೀವಿ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ. ಭಾಷಣದಲ್ಲಿ ರಜಾಕಾರರ ಹಾವಳಿ ನೆನೀತಾರೆ. ಅವತ್ತು ಯಾರಾದರೂ ಎದ್ದು ನಿಂತು “ಹಳೇದ್ಯಾಕ” ಅಂತಾರಾ? ಅನ್ನಬಾರದು, ನೆನಪಿಡಲೇಬೇಕು. ನಾನೂ ಹೋಗಿ ಧ್ವಜಕ್ಕೆ ವಂದನೆ ಮಾಡ್ತೀನಿ. ಆದರೆ 1948ರದ್ದು ಹಳೇದಲ್ಲ, 2014ರದ್ದು ಹಳೇದು, ಈ ಲೆಕ್ಕ ಹ್ಯಾಂಗ್ರೀ? ಬೇರೆಯವರು ನಮಗೆ ಮಾಡಿದ್ದು ಚರಿತ್ರೆ, ನಾವು ಬೇರೆಯವರಿಗೆ ಮಾಡಿದ್ದು ಕೆದಕೋದು. ಅಷ್ಟೇ ಅಲ್ಲೇನು?

ಜರ್ಮನಿಯವರು ಹುಟ್ಟಾ ಒಳ್ಳೆಯವರು ಅಂತ ತಿಳಿಯಬೇಡಿ. ಯುದ್ಧ ಮುಗಿದದ್ದು 1945ಕ್ಕೆ, ಆ ಬೋರ್ಡು ಬಂದದ್ದು 1993ಕ್ಕೆ. ನಡುವೆ 48 ವರ್ಷ. ಅಲ್ಲೂ “ಮರೆತುಬಿಡಿ” ಅನ್ನೋರು ಇದ್ದರು, ದ್ವೇಷ ಮಾಡೋರು ಇವತ್ತಿಗೂ ಅದಾರ. ಕೊಲೆಯಾದವರ ಮನೆ ಮುಂದೆ ಹೆಸರು ಕೆತ್ತಿದ ಹಿತ್ತಾಳೆಯ ಪುಟ್ಟ ಕಲ್ಲುಗಳನ್ನ ಹೂಳುವ ಕೆಲಸವನ್ನ ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಶುರು ಮಾಡಿದ. 2023ರ ಹೊತ್ತಿಗೆ ಅವು ಯುರೋಪಿನಲ್ಲಿ ಒಂದು ಲಕ್ಷ ಆದವು. ಅವನ್ನ ಕಿತ್ತುಕೊಂಡು ಹೋದವರೂ ಅದಾರ. ಮತ್ತೆ ಹೂಳ್ತಾರೆ.

ನಮ್ಮವರಿಂದಲೂ ಒಂದು ಆಕ್ಷೇಪ ಬರುತ್ತೆ, ಅದು ಬರಲೇಬೇಕು. “ನಮ್ಮ ನೋವನ್ನ ಪ್ರವಾಸಿ ತಾಣ ಮಾಡ್ತೀರೇನು? ಸುಟ್ಟ ಗುಡಿಸಲಿನ ಮುಂದೆ ನಿಂತು ಸೆಲ್ಫಿ ತಗೋತಾರ.” ಸರಿಯಾದ ಮಾತು. ಅದಕ್ಕೆ ನನ್ನ ಪ್ರಸ್ತಾವ ಇಷ್ಟು.

ಒಂದು, ಕೇರಿಯವರು ಒಪ್ಪಿದರೆ ಮಾತ್ರ. ಅವರು ಬೇಡ ಅಂದರೆ ಬೇಡ. 

ಎರಡು, ನಡಿಗೆ ಕೇರಿಗಲ್ಲ, ಊರಿಗೆ. ನೋಡಬೇಕಾದ್ದು ನಮ್ಮ ಮನೆ ಅಲ್ಲ. ಹೊಟೇಲಿನ ಬಾಗಿಲು, ಕ್ಷೌರದ ಅಂಗಡಿಯ ಕುರ್ಚಿ, ಗುಡಿ ಕಟ್ಟೆ. 

ಮೂರು, ಹೇಳೋರು ಇಬ್ಬರು. ಕೇರಿಯಿಂದ ಒಬ್ಬರು, ಊರಿನಿಂದ ಒಬ್ಬರು. ಊರಿನವರು ಬಾಯಿ ಬಿಡೋತನಕ ಈ ನಡಿಗೆಗೆ ಅರ್ಥ ಇಲ್ಲ. 

ನಾಲ್ಕು, ಬೋರ್ಡಿನ ಮೇಲೆ ನಮ್ಮ ಸಿಟ್ಟಿನ ಮಾತು ಬೇಡ. ತಾರೀಖು, ಏನು ನಡೀತು, ಯಾವ ಕೋರ್ಟು ಏನು ಹೇಳಿತು, ಅಷ್ಟೇ. ಮೇಲ್ಮನವಿಯಲ್ಲಿ ತೀರ್ಪು ಬದಲಾದರೆ ಅದನ್ನೂ ಬರೀರಿ. ಶಿಕ್ಷೆಯಾದವರ ಹೆಸರು ಬೇಡ. ಅವರ ಮಕ್ಕಳು ಅದೇ ಶಾಲೆಗೆ ಹೋಗ್ತಾರೆ, ಅಪ್ಪನ ತಪ್ಪಿಗೆ ಆ ಮಕ್ಕಳು ತಲೆ ತಗ್ಗಿಸಬಾರದು. ಹುಟ್ಟಿನಿಂದಲೇ ತಪ್ಪಿತಸ್ಥ ಅನ್ನೋದು ಅವರ ಶಾಸ್ತ್ರ, ನಮ್ಮದಲ್ಲ.

ಖರ್ಚೆಷ್ಟು? ಒಂದು ಬೋರ್ಡು, ಒಂದು ಬಸ್ಸು. ಗೋಳಗುಮ್ಮಟ, ಹಂಪಿಗೆ ಹೋಗುವ ಶಾಲಾ ಪ್ರವಾಸದ ಬಸ್ಸು ಒಂದು ದಿನ ಮರಕುಂಬಿ ಕಡೆ ತಿರುಗಿದರೆ ಸಾಕು. ಎಲ್ಲಿ ಕೇಳಬೇಕು ಅನ್ನೋದಕ್ಕೂ ಜಾಗ ಐತಿ. ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು. ಮುಂದಿನ ಸಭೆಗೆ ಇದನ್ನ ಅರ್ಜಿ ಬರೆದು ಕೊಡೋಣ. ಸ್ವೀಕೃತಿ ತಗೊಳ್ಳೋದು ಮರೀಬೇಡಿ. ತಿರಸ್ಕಾರ ಮಾಡಿದರೂ ಹಿಂಬರಹ ಕೊಡಲಿ, ಅದೂ ಒಂದು ಕಾಗದವೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಯ ಸಂಘಟನೆಯವರು ಕೆಳಗೆ ನಿಮ್ಮ ಅಭಿಪ್ರಾಯ ಹಾಕಿ. ಮೇಲ್ಜಾತಿಯ ಗೆಳೆಯರು ಈ ಪೋಸ್ಟಿಗೆ ಲೈಕ್ ಒತ್ತಿ ಸುಮ್ಮನಾಗಬೇಡಿ. ನಿಮಗೆ ನನ್ನದೊಂದೇ ಪ್ರಶ್ನೆ: ಮೇಲೆ ಹೇಳಿದ ಇಬ್ಬರಲ್ಲಿ ಊರಿನ ಕಡೆಯಿಂದ ನಿಂತು ಮಾತಾಡೋಕೆ ನಿಮ್ಮಲ್ಲಿ ಯಾರು ಬರ್ತೀರಿ?

ಜೈ ಭೀಮ್.