ಟ್ಯಾಗ್ ಕೊಳ್ಳುವ ಮುನ್ನ ಅಕ್ಕಪಕ್ಕದವರ ಫೋನ್ ನೋಡಿ

ಸೀಟ್ ಕವರ್ ಹಾಕಿಸಲು ಬಂದವರು, ರಿವರ್ಸ್ ಕ್ಯಾಮೆರಾ ಕೇಳಿಕೊಂಡು ಬಂದವರು ಈಗೀಗ ಹೊರಡುವ ಮುಂಚೆ ಒಂದು ಮಾತು ಕೇಳಿಯೇ ಕೇಳುತ್ತಾರೆ. "ಅಕ್ಕಾ, ಆ ಟ್ಯಾಗ್ ಒಂದು ಹಾಕಿಬಿಟ್ರೆ ಗಾಡಿ ಎಲ್ಲಿ ಹೋದ್ರೂ ಗೊತ್ತಾಗ್ತೈತಲ್ಲ?" ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕಾರ್ ಡೆಕೋರ್ ಅಂಗಡಿ ಇಟ್ಟುಕೊಂಡಿರುವ ನಾನು ಹೌದು ಅಂದರೆ ಸಾಕು, ವ್ಯಾಪಾರ ಆಗುತ್ತದೆ. ಆದರೆ ಹೌದು ಅನ್ನಲು ಬರುವುದಿಲ್ಲ. ಗಾಡಿ ಎಲ್ಲಿ ಹೋದರೂ ಗೊತ್ತಾಗುವುದಿಲ್ಲ. ಅದರ ಹತ್ತಿರ ತಕ್ಕ ಫೋನ್ ಇರುವವರು ಯಾರಾದರೂ ಹಾದು ಹೋದರೆ ಗೊತ್ತಾಗುತ್ತದೆ. ಇದನ್ನು ತಿಳಿದು ಕೊಂಡವರಿಗೆ ಟ್ಯಾಗ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ತಿಳಿಯದೆ ಕೊಂಡವರು ಬೇಕಾದ ಹೊತ್ತಿನಲ್ಲಿ ಫೋನ್ ಹಿಡಿದುಕೊಂಡು ಕಂಗಾಲಾಗುತ್ತಾರೆ.

ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಈ ಬಿಲ್ಲೆಯೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಗುಂಡಿಯಂಥ ಸಿಆರ್2032 ಸೆಲ್, ಬ್ಲೂಟೂತ್ ಚಿಪ್, ಪುಟಾಣಿ ಸ್ಪೀಕರ್ ಇಷ್ಟೇ. ಅದು ಆಗಾಗ ಒಂದು ಸಣ್ಣ ಸಂಕೇತ ಬಿಡುತ್ತಿರುತ್ತದೆ. ಆ ಸಂಕೇತ ಮುಟ್ಟುವಷ್ಟು ಹತ್ತಿರಕ್ಕೆ ಬಂದ ಯಾರದೋ ಫೋನ್ ಅದನ್ನು ಹಿಡಿದು, ತಾನು ಆಗ ಎಲ್ಲಿದೆಯೋ ಆ ಜಾಗವನ್ನು ಗೂಢಲಿಪಿಯಲ್ಲಿ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಫೋನ್ ಇಟ್ಟುಕೊಂಡವರಿಗೆ ಇದರ ಸುಳಿವೂ ಸಿಗುವುದಿಲ್ಲ, ಅದು ಯಾರ ಟ್ಯಾಗ್ ಎಂದೂ ತಿಳಿಯುವುದಿಲ್ಲ. ಬಿಡಿಸಿ ಓದುವ ಕೀಲಿ ಟ್ಯಾಗಿನ ಮಾಲೀಕರ ಬಳಿ ಇರುತ್ತದೆ. ಅಂದರೆ ನಿಮ್ಮ ಗಾಡಿಯನ್ನು ಹುಡುಕಿಕೊಡುವವರು ದಾರಿಹೋಕರು. ನೀವು ದುಡ್ಡು ಕೊಡುತ್ತಿರುವುದು ಆ ದಾರಿಹೋಕರ ಸಾಲಿಗೆ ಸೇರಿಕೊಳ್ಳಲು.

ಆ ಸಾಲುಗಳು ಎರಡು ಮೂರಿವೆ, ಒಂದಕ್ಕೊಂದು ಸಂಬಂಧವಿಲ್ಲ. 2021ರ ಏಪ್ರಿಲ್‌ನಲ್ಲಿ ಬಂದ ಆಪಲ್ ಏರ್‌ಟ್ಯಾಗ್ ಆಪಲ್ ಸಾಧನಗಳ ಜಾಲವನ್ನೇ ನಂಬಿಕೊಂಡಿದೆ. ಗೂಗಲ್ ಆಂಡ್ರಾಯ್ಡ್ ಫೋನುಗಳ ತನ್ನ ಜಾಲವನ್ನು 2024ರಲ್ಲಿ ಶುರು ಮಾಡಿತು. ಮರುವರ್ಷ ಅದಕ್ಕೆ ಫೈಂಡ್ ಹಬ್ ಎಂದು ಹೆಸರು ಬದಲಾಯಿಸಿತು. ಸ್ಯಾಮ್‌ಸಂಗ್ ಸ್ಮಾರ್ಟ್‌ಟ್ಯಾಗ್ ಬೇಕೆಂದರೆ ಕೈಯಲ್ಲಿ ಗ್ಯಾಲಕ್ಸಿ ಫೋನೇ ಇರಬೇಕು. ಜಿಯೋದವರು ಏರ್ ಎಂಬ ಹೆಸರಿನ ಟ್ಯಾಗನ್ನು ಆಪಲ್ ಜಾಲಕ್ಕೆ, ಗೋ ಎಂಬ ಹೆಸರಿನದನ್ನು ಗೂಗಲ್ ಜಾಲಕ್ಕೆ ಬಿಟ್ಟಿದ್ದಾರೆ. ಪೆಟ್ಟಿಗೆಗಳು ಅಕ್ಕತಂಗಿಯರಂತೆ ಕಂಡರೂ ಒಂದರ ಬದಲು ಇನ್ನೊಂದು ಕೆಲಸಕ್ಕೆ ಬಾರದು. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಹೆಸರಿಲ್ಲದ ಬಿಲ್ಲೆಗಳ ಬಗ್ಗೆ ಹೇಳುವುದಾದರೆ, ಅವುಗಳಲ್ಲಿ ಬಹುಪಾಲಿಗೆ ಯಾವ ಜಾಲವೂ ಇಲ್ಲ. ಮನೆಯೊಳಗೆ ಬೀಗದ ಕೈ ಸೋಫಾ ಸಂದಿಗೆ ಬಿದ್ದಿದ್ದರೆ ಕೂಗಿ ಕರೆಯುತ್ತವೆ, ಗೇಟು ದಾಟಿದರೆ ಮೂಕ.

ಹಾಗಾಗಿ ನಾನು ಗಿರಾಕಿಗೆ ಮೊದಲು ಕೇಳುವುದು ನಿಮ್ಮ ಫೋನ್ ಯಾವುದು ಎಂದು. ಅದರ ಹಿಂದೆಯೇ ಇನ್ನೊಂದು ಕೇಳುತ್ತೇನೆ: ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಹಗಲು ಎಲ್ಲೆಲ್ಲಿ ಓಡಾಡುತ್ತದೆ? ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆಯವರಾದರೆ ಆಪಲ್ ಆದರೂ ನಡೆಯುತ್ತದೆ, ಗೂಗಲ್ ಆದರೂ ನಡೆಯುತ್ತದೆ. ಕಾಲೇಜು, ಆಸ್ಪತ್ರೆ, ಬಸ್ ಸ್ಟ್ಯಾಂಡ್ ಸುತ್ತ ಸಾವಿರಾರು ಫೋನ್ ಓಡಾಡುತ್ತವೆ. ಚನ್ನಗಿರಿ ಕಡೆಯ ಅಡಿಕೆ ತೋಟದವರು, ಜಗಳೂರು ಕಡೆ ಮೆಕ್ಕೆಜೋಳ ಬೆಳೆಯುವವರು ಕೇಳಿದಾಗ ಮಾತು ಬೇರೆಯೇ. ಅಲ್ಲಿ ಐಫೋನ್ ಅಪರೂಪ. ಮಗ ಬೆಂಗಳೂರಿನಿಂದ ಪ್ರೀತಿಯಿಂದ ತಂದುಕೊಟ್ಟ ಏರ್‌ಟ್ಯಾಗನ್ನು ಅಪ್ಪನ ಬೊಲೆರೊ ಪಿಕಪ್‌ಗೆ ಹಾಕಿದರೆ, ಊರಿನಲ್ಲಿ ಇದ್ದಷ್ಟು ಹೊತ್ತೂ ಅದರ ದನಿ ಕೇಳುವವರಿಲ್ಲ. ಎನ್‌ಎಚ್ 48ಕ್ಕೆ ಬಂದು ಟೋಲ್ ಸಾಲಿನಲ್ಲಿ ನಿಂತಾಗ ಪಕ್ಕದ ಕಾರಿನವರ ಐಫೋನ್ ಸಿಕ್ಕರೆ ಸಿಕ್ಕಿತು.

ನ್ಯೂಯಾರ್ಕ್‌ನಲ್ಲಿ 2023ರಲ್ಲಿ ಅಲ್ಲಿನ ಮೇಯರ್, ಕಾರು ಕಳವು ಹೆಚ್ಚಾಗಿದ್ದ ಬ್ರಾಂಕ್ಸ್ ಭಾಗದವರಿಗೆ 500 ಏರ್‌ಟ್ಯಾಗ್ ಪುಕ್ಕಟೆ ಹಂಚುವುದಾಗಿ ಪ್ರಕಟಿಸಿದರು. ಅದನ್ನು ತೋರಿಸಿ "ಅಮೆರಿಕದಲ್ಲೇ ಸರ್ಕಾರ ಕೊಡ್ತದೆ" ಎಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ ಸ್ಮಾರ್ಟ್‌ಫೋನ್ ಇರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯದು ಐಫೋನ್. ಅಲ್ಲಿನ ಬೀದಿಗೆ ಆ ಟ್ಯಾಗ್ ಸರಿ. ನಮ್ಮ ಹಳ್ಳಿಗಳಲ್ಲಿ ಜೇಬು ಜೇಬಿನಲ್ಲೂ ಇರುವುದು ಆಂಡ್ರಾಯ್ಡ್, ಆದ್ದರಿಂದ ಊರ ಕಡೆಯ ಗಾಡಿಗೆ ಗೂಗಲ್ ಜಾಲದ ಟ್ಯಾಗೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅಲ್ಲೂ ಒಂದು ತೊಡಕಿದೆ, ಇದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಆಂಡ್ರಾಯ್ಡ್ ಫೋನುಗಳು ಕಂಪನಿಯಿಂದ ಬರುವಾಗಲೇ ಜನದಟ್ಟಣೆ ಇರುವ ಜಾಗಗಳಲ್ಲಿ ಮಾತ್ರ ಟ್ಯಾಗಿನ ಸುಳಿವು ಕೊಡುವಂತೆ ಹೊಂದಿಸಿರುತ್ತವೆ. ಒಂದೇ ಟ್ಯಾಗನ್ನು ಹಲವು ಫೋನುಗಳು ಕಂಡಾಗ, ಆ ಎಲ್ಲವನ್ನೂ ಒಟ್ಟು ಮಾಡಿ ಮಾಲೀಕರಿಗೆ ಜಾಗ ತಿಳಿಸುವ ಏರ್ಪಾಡು ಅದು. ಉದ್ದೇಶ ಒಳ್ಳೆಯದೇ. ಯಾರಾದರೂ ಕದ್ದು ಟ್ಯಾಗ್ ಇಟ್ಟು ಒಬ್ಬರ ಬೆನ್ನು ಹತ್ತುವುದು ಕಷ್ಟವಾಗಲಿ, ಒಂಟಿ ಮನೆಯಲ್ಲಿರುವವರ ಜಾಗ ಬಯಲಾಗದಿರಲಿ ಎಂಬ ಕಾಳಜಿ ಅದರ ಹಿಂದಿದೆ. ಆದರೆ ಇದರ ಪೆಟ್ಟು ಬಿದ್ದಿರುವುದು ಹಳ್ಳಿಯ ಮೇಲೆ. ತೋಟದ ದಾರಿಯಲ್ಲಿ ಕದ್ದು ನಿಲ್ಲಿಸಿದ ಬೈಕಿನ ಪಕ್ಕ ದಿನಕ್ಕೆ ಕುರಿ ಕಾಯುವವರೊಬ್ಬರು, ಹಾಲಿನ ಡೈರಿಗೆ ಹೋಗುವವರೊಬ್ಬರು ಹಾದು ಹೋದರೆ ಹೆಚ್ಚು. ಅವರ ಫೋನ್ ಆ ಸಂಕೇತವನ್ನು ಹಿಡಿದರೂ ಬೈಕಿನವನಿಗೆ ಸುದ್ದಿ ಮುಟ್ಟುವುದಿಲ್ಲ. ಎಲ್ಲ ಕಡೆಯೂ ಸುಳಿವು ಕೊಡು ಎಂದು ಅವರು ತಮ್ಮ ಫೋನಿನಲ್ಲಿ ತಾವೇ ಬದಲಾಯಿಸಿಕೊಂಡಿದ್ದರೆ ಮಾತ್ರ ಮುಟ್ಟೀತು. ಆ ಆಯ್ಕೆ ಇದೆ ಎಂಬುದೇ ಬಹಳ ಜನಕ್ಕೆ ತಿಳಿಯದು.

ಕಾರಿನ ವಿಷಯಕ್ಕೆ ಬಂದರೆ, ಲಕ್ಷಗಟ್ಟಲೆ ಬೆಲೆಯ ಗಾಡಿಯನ್ನು ಟ್ಯಾಗ್ ಒಂದರ ಮೇಲೆ ಬಿಡಬೇಡಿ. ಬ್ಯಾಟರಿಗೆ ವೈರ್ ಎಳೆದು ಕೂರಿಸುವ, ಒಳಗೆ ಸಿಮ್ ಇರುವ ಜಿಪಿಎಸ್ ಯಂತ್ರ ಬೇರೆಯೇ. ಅದಕ್ಕೆ ದಾರಿಹೋಕರು ಬೇಕಿಲ್ಲ, ಮೊಬೈಲ್ ಟವರ್ ಸಾಕು. ಹಳದಿ ಬೋರ್ಡಿನ ಹಲವು ಗಾಡಿಗಳಿಗೆ ಕಾನೂನು ಕೇಳುವುದೂ ಆ ಬಗೆಯ ಯಂತ್ರವನ್ನೇ. ವರ್ಷ ವರ್ಷ ರೀಚಾರ್ಜ್ ಮಾಡಿಸಬೇಕು, ಅದೊಂದು ಖರ್ಚು. ಪಳಗಿದ ಕಳ್ಳ ಬಾನೆಟ್ ತೆಗೆದು ವೈರ್ ಹಿಡಿದುಕೊಂಡೇ ಹೋಗಿ ಅದನ್ನು ಕಿತ್ತುಹಾಕಬಲ್ಲ ಎನ್ನುವುದೂ ನಿಜ. ಅದು ಕಿತ್ತುಹೋದ ಮೇಲೂ ಟ್ಯಾಗ್ ಗಾಡಿಯಲ್ಲೇ ಉಳಿದಿರುತ್ತದೆ, ಅದಕ್ಕೆ ಹಿಡಿದುಕೊಂಡು ಹೋಗಲು ವೈರೇ ಇಲ್ಲ. ಗೇರ್ ಲಾಕ್, ಜಿಪಿಎಸ್, ಅದರ ಜತೆಗೆ ಟ್ಯಾಗ್: ಹೊಸ ಕಾರಿಗೆ ನಾನು ಹೇಳುವುದು ಈ ಮೂರನ್ನೂ. ಬೈಕು, ಸ್ಕೂಟರಿಗಾದರೆ ಟ್ಯಾಗ್ ಸಾಕು.

ಎಲ್ಲಿ ಅಡಗಿಸುವುದು ಎನ್ನುವುದರಲ್ಲೇ ಅರ್ಧ ಕೆಲಸ. ತಗಡು ಬ್ಲೂಟೂತಿನ ಶತ್ರು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸುತ್ತಲೂ ತಗಡು, ಮೇಲೆ ಚಕ್ರದ ಡಿಸ್ಕ್. ಅಲ್ಲಿಟ್ಟರೆ ಸಂಕೇತ ಹೊರಗೆ ಬರಲು ತಿಣುಕುತ್ತದೆ. ಡ್ಯಾಶ್‌ಬೋರ್ಡ್ ಮೇಲೂ ಬೇಡ. ಏರ್‌ಟ್ಯಾಗ್ ತಡೆಯುವ ಬಿಸಿ 60 ಡಿಗ್ರಿ ಸೆಲ್ಸಿಯಸ್‌ವರೆಗೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಹುಡುಗರು ಹಿಂದಿನ ಸೀಟಿನ ಹೆಡ್‌ರೆಸ್ಟ್ ಜಿಪ್ ಬಿಚ್ಚಿ, ಫೋಮಿಗೆ ಬ್ಲೇಡಿನಿಂದ ಸಣ್ಣ ಸೀಳು ಕೊಟ್ಟು ಒಳಗೆ ತೂರಿಸುತ್ತಾರೆ. ಇಲ್ಲವೆ ನೀರು ತಡೆಯುವ ಟ್ಯಾಗಾದರೆ ಫೋಮ್ ಟೇಪ್ ಸುತ್ತಿ ಹಿಂದಿನ ಬಂಪರಿನ ಪ್ಲಾಸ್ಟಿಕ್ ಒಳಮಗ್ಗುಲಿಗೆ ಅಂಟಿಸುತ್ತಾರೆ. ಸ್ಕೂಟರಿಗೆ ಮುಂದಿನ ಪ್ಲಾಸ್ಟಿಕ್ ಕವಚದ ಒಳಗೆ. ಕೂರಿಸಿದ ಮೇಲೆ ಬಾಗಿಲೆಲ್ಲ ಹಾಕಿ, ಗಿರಾಕಿಯ ಕೈಗೆ ಅವರದೇ ಫೋನ್ ಕೊಟ್ಟು, ಪಕ್ಕದ ಟೀ ಅಂಗಡಿವರೆಗೆ ನಡೆದುಕೊಂಡು ಹೋಗಲು ಹೇಳುತ್ತೇನೆ. ಅಲ್ಲಿಂದ ಸದ್ದು ಮಾಡಿಸಲು ಬಂದರೆ ಸರಿ, ಬರದಿದ್ದರೆ ಬಿಚ್ಚಿ ಜಾಗ ಬದಲಾಯಿಸುತ್ತೇವೆ. ಈ ಪರೀಕ್ಷೆ ಮಾಡಿಸದೆ ಯಾವ ಅಂಗಡಿಯಿಂದಲೂ ಗಾಡಿ ತೆಗೆಯಬೇಡಿ.

ಮನೆಯಲ್ಲಿಟ್ಟ ಎರಡನೇ ಬೀಗದ ಕೈಗೂ ಒಂದು ಟ್ಯಾಗ್ ಹಾಕಿ. ಕಾರು ಕಳವಾಗಿ ವಿಮೆ ಕೇಳಲು ಹೋದರೆ ಕಂಪನಿಯವರು ಎರಡೂ ಕೀ ತಂದುಕೊಡಿ ಅನ್ನುತ್ತಾರೆ. ಒಂದು ಸಿಗದಿದ್ದರೆ ಅಲ್ಲಿಂದಲೇ ತಕರಾರು ಶುರು. ಬಸ್ಸಿನಲ್ಲಿ, ರೈಲಿನಲ್ಲಿ ಹೋಗುವ ಬ್ಯಾಗುಗಳಿಗಂತೂ ಟ್ಯಾಗ್ ಹೇಳಿ ಮಾಡಿಸಿದ್ದು, ಏಕೆಂದರೆ ಬ್ಯಾಗು ಹೋಗುವ ಕಡೆಯೆಲ್ಲ ಜನ ಇದ್ದೇ ಇರುತ್ತಾರೆ. ವಿಮಾನದವರೂ ಇದನ್ನು ಒಪ್ಪಿಕೊಂಡಿದ್ದಾರೆ. ಏರ್‌ಟ್ಯಾಗ್ ತೋರಿಸುವ ಜಾಗವನ್ನು ಪ್ರಯಾಣಿಕರು ಹಂಚಿಕೊಂಡರೆ ಅದನ್ನು ನೋಡಿ ಬ್ಯಾಗ್ ಹುಡುಕುವ ವ್ಯವಸ್ಥೆಯನ್ನು ಏರ್ ಇಂಡಿಯಾ 2025ರಲ್ಲಿ ತಂದಿತು.

ಕಳವಾದಾಗ ಕಾಲ ಕಳೆಯಬೇಡಿ. 2024ರ ಮೇನಿಂದ ಆಪಲ್, ಗೂಗಲ್ ಎರಡೂ ಸೇರಿ ಒಂದು ಎಚ್ಚರಿಕೆ ಜಾರಿಗೆ ತಂದಿವೆ. ನಿಮ್ಮದಲ್ಲದ ಟ್ಯಾಗ್ ನಿಮ್ಮ ಜತೆಯೇ ಚಲಿಸುತ್ತಿದ್ದರೆ ನಿಮ್ಮ ಫೋನ್ ಹೇಳುತ್ತದೆ, ಅದು ಯಾವ ಕಂಪನಿಯ ಫೋನಾದರೂ ಸರಿ. ಆ ಎಚ್ಚರಿಕೆ ಕಳ್ಳನ ಫೋನಿಗೂ ಹೋಗುತ್ತದೆ. ಮಾಲೀಕರಿಂದ ದೂರವಾದ ಏರ್‌ಟ್ಯಾಗ್ 8ರಿಂದ 24 ಗಂಟೆಯೊಳಗೆ, ಅಲುಗಾಡಿದಾಗ ತಾನೇ ಸದ್ದು ಮಾಡುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಮೊದಲ ಕೆಲವು ಗಂಟೆ. ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ದೂರು ಕೊಡಿ. ಸರಹದ್ದು ನಮ್ಮದಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಯಾವ ಠಾಣೆಯಲ್ಲಾದರೂ ದೂರು ಕೊಡುವ ಹಕ್ಕು ಕೊಟ್ಟಿದೆ. ಮ್ಯಾಪಿನಲ್ಲಿ ಚುಕ್ಕೆ ಕಂಡಿತು ಎಂದು ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ನೀವೇ ನುಗ್ಗಬೇಡಿ. ಆ ಚುಕ್ಕೆ ತೋರಿಸುವುದು ಹಾದು ಹೋದವರ ಫೋನ್ ಇದ್ದ ಜಾಗವನ್ನು. ಗಾಡಿ ಪಕ್ಕದ ಮನೆಯ ಹಿತ್ತಲಿನಲ್ಲಿರಬಹುದು, ನೀವು ಬಾಗಿಲು ಬಡಿದದ್ದು ಏನೂ ಅರಿಯದವರದ್ದಾಗಿರಬಹುದು.

ಕಳ್ಳನಿಗೂ ಎಚ್ಚರಿಕೆ ಹೋಗುತ್ತದಲ್ಲ, ಅದನ್ನು ತೆಗೆಯಬಾರದೇ ಎಂದು ಕೇಳುತ್ತಾರೆ. ಬೇಡವೇ ಬೇಡ ಎನ್ನುವವಳು ನಾನು. ಯಾಕೆಂದು ಹೇಳುತ್ತೇನೆ. ಒಬ್ಬರು ಬಂದು, ಹೆಂಡತಿಯ ಸ್ಕೂಟರಿಗೆ ಗೊತ್ತಾಗದ ಹಾಗೆ ಟ್ಯಾಗ್ ಹಾಕಿಕೊಡಬೇಕು, ಒಳಗಿನ ಸ್ಪೀಕರನ್ನೂ ಕಿತ್ತುಬಿಡಿ ಎಂದರು. "ಗಾಡಿ ನನ್ನ ಹೆಸರಲ್ಲೇ ಐತಕ್ಕ, ಆರ್‌ಸಿ ತೋರಿಸ್ಲಾ?" ಆರ್‌ಸಿ ಯಾರ ಹೆಸರಿನಲ್ಲಾದರೂ ಇರಲಿ, ಆ ಗಾಡಿಯಲ್ಲಿ ತಿರುಗಾಡುವ ಹೆಣ್ಣುಮಗಳು ಎಲ್ಲಿಗೆ ಹೋದಳು, ಎಷ್ಟು ಹೊತ್ತು ನಿಂತಳು ಎಂದು ಕದ್ದು ನೋಡುವ ಹಕ್ಕು ಅದರಿಂದ ಬರುವುದಿಲ್ಲ. "ಅವರನ್ನೇ ಕರ್ಕೊಂಡು ಬರ್ರಿ, ಅವರ ಫೋನಿಗೇ ಹಾಕಿಕೊಡ್ತೀನಿ" ಎಂದೆ. ಎದ್ದು ಹೋದರು. ನಮ್ಮ ಹುಡುಗರಿಗೂ ಹೇಳಿಟ್ಟಿದ್ದೇನೆ: ಸ್ಪೀಕರ್ ಕೀಳುವ ಕೆಲಸ ಎಷ್ಟೇ ಕೊಟ್ಟರೂ ನಮ್ಮಲ್ಲಿ ಇಲ್ಲ. ಹೆಂಗಸಿನ ಬೆನ್ನು ಹತ್ತಿ ಪೀಡಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಅಪರಾಧ ಎನ್ನುತ್ತದೆ. ಆ ಎಚ್ಚರಿಕೆಯಿಂದ ಕೆಲವು ಕಾರು ಕಳ್ಳರು ತಪ್ಪಿಸಿಕೊಳ್ಳಬಹುದು. ಒಬ್ಬ ಹೆಣ್ಣುಮಗಳ ನಿರ್ಭಯದ ಎದುರು ಕಾರು ದೊಡ್ಡದಲ್ಲ, ಕಾರಿಗೆ ವಿಮೆಯಾದರೂ ಇರುತ್ತದೆ.

ಸೆಲ್ ಸಾಮಾನ್ಯವಾಗಿ ಒಂದು ವರ್ಷದಷ್ಟು ಬಾಳುತ್ತದೆ. ಆಯುಧಪೂಜೆಗೆ ಗಾಡಿ ತೊಳೆಯುವ ದಿನವೇ ಬದಲಾಯಿಸುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಮಕ್ಕಳು ಬಾಯಿಗೆ ಹಾಕದಿರಲಿ ಎಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಬಳಿದಿರುತ್ತವೆ, ಅಂಥ ಸೆಲ್ ಏರ್‌ಟ್ಯಾಗಿನಲ್ಲಿ ಕೆಲವೊಮ್ಮೆ ಹಿಡಿಯುವುದಿಲ್ಲ. ಹಾಗೆಂದು ಕಹಿ ಇಲ್ಲದ್ದನ್ನು ತಂದು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅದು ಗಂಟಲನ್ನು ಒಂದೆರಡು ಗಂಟೆಯಲ್ಲೇ ಸುಡಬಲ್ಲದು. ತೆಗೆದ ಹಳೆಯ ಸೆಲ್ಲೂ ಅಷ್ಟೇ ಅಪಾಯ.

ಟ್ಯಾಗ್ ಕೊಳ್ಳುವುದು, ಬಿಡುವುದು ನಿಮ್ಮ ಇಷ್ಟ. ಆದರೆ ಕಾಸಿಲ್ಲದ ಒಂದು ಕೆಲಸವನ್ನು ಈ ಪತ್ರಿಕೆ ಮಡಚಿಡುವ ಮುಂಚೆ ಮಾಡಿ. ಆಂಡ್ರಾಯ್ಡ್ ಫೋನಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಗೂಗಲ್ ಎಂಬುದನ್ನು ಒತ್ತಿ, ಫೈಂಡ್ ಹಬ್ ತೆರೆಯಿರಿ. ಅಲ್ಲಿ 'ಫೈಂಡ್ ಯುವರ್ ಆಫ್‌ಲೈನ್ ಡಿವೈಸಸ್' ಎಂಬಲ್ಲಿ, ಎಲ್ಲ ಪ್ರದೇಶಗಳಲ್ಲೂ ಎಂಬ ಆಯ್ಕೆಯನ್ನು ಆರಿಸಿ. ಬ್ಲೂಟೂತ್, ಲೊಕೇಶನ್ ಎರಡನ್ನೂ ಆಫ್ ಮಾಡದೆ ಬಿಡಿ. ಐಫೋನಿನವರು ಫೈಂಡ್ ಮೈ ನೆಟ್‌ವರ್ಕ್ ಆನ್ ಇದೆಯೇ ನೋಡಿಕೊಳ್ಳಿ. ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ. ಹಳ್ಳಿಯಲ್ಲಿರುವವರು ದಯವಿಟ್ಟು ಅಪ್ಪ, ಅಮ್ಮ, ನೆರೆಮನೆಯವರ ಫೋನಿನಲ್ಲೂ ಇದನ್ನು ಮಾಡಿಕೊಡಿ, ಹೇಗೆಂದು ಗ್ರಾಮ ಪಂಚಾಯಿತಿ, ಹಾಲಿನ ಡೈರಿಯ ಗೋಡೆಗೂ ಬರೆದು ಅಂಟಿಸಿ.